ಶ್ರೀರಂಗಪಟ್ಟಣದ ರಾಯಭಾರಿಗಳು ಕಂಡ ಪ್ಯಾರಿಸ್

ಒಮ್ಮೆ ಶಾಲೆಯ ಮಕ್ಕಳನ್ನು ಕರೆದುಕೊಂಡು ರಾಯಕೋಟೆಯ ಬೆಟ್ಟವನ್ನು ಹತ್ತಿದ್ದೆವು. ಬಿಸಿಲೇರುವ ಮುನ್ನವೇ ತುದಿಯನ್ನು ಮುಟ್ಟಿ, ಬುತ್ತಿಯನ್ನು ಬಿಚ್ಚಿ, ಸುತ್ತಲಿನ ಸೀಮೆಯನ್ನು ನೋಡುತ್ತ ಕುಳಿತೆವು. ಒಂದು ಕಡೆ ಬಾರಾಮಹಲಿನ ತಗ್ಗಿನ ಬಯಲು. ಇನ್ನೊಂದು ಕಡೆ ಹೊಸೂರು, ಬಾಗಲೂರುಗಳ ಎತ್ತರದ ನಾಡು. ಕೆಳಗಿನಿಂದ ಮೈಸೂರು ಸೀಮೆಗೆ ಏರಿಬರುವ ದಾರಿಗೆ ಈ ಬೆಟ್ಟವು ಕಾವಲುಗಾರನಂತೆ ನಿಂತಿದೆ. ಆಗ ಎಂಟನೆಯ ತರಗತಿಯ ಬಾಲಕನೊಬ್ಬನು, “ಮೇಷ್ಟ್ರೇ, ಇಷ್ಟು ದೊಡ್ಡ ಕೋಟೆ ಇದ್ದೂ ಇಂಗ್ಲಿಷರ ಕೈಗೆ ಹೇಗೆ ಹೋಯಿತು? ಸುಲ್ತಾನನಿಗೆ ಸಹಾಯ ಮಾಡುವವರು ಯಾರೂ ಇರಲಿಲ್ಲವೇ?” ಎಂದು ಕೇಳಿದನು.

ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ಆ ಬೆಟ್ಟದ ಮೇಲೆ ಸಿಕ್ಕುವಂಥದಲ್ಲ. ಅದನ್ನು ಅರಸಿಕೊಂಡು ಹೋಗಬೇಕಾದರೆ ಏಳು ಸಮುದ್ರಗಳಾಚೆಯ ಪ್ಯಾರಿಸ್ ನಗರಕ್ಕೇ ಹೋಗಬೇಕು. ನಮ್ಮ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಆ ರಾಜ್ಯದ ಮೂವರು ರಾಯಭಾರಿಗಳು ನಿಜವಾಗಿಯೂ ಅಲ್ಲಿಗೆ ಹೋಗಿದ್ದರು. ಅವರು ಏನನ್ನು ಬೇಡಲು ಹೋದರು, ಏನನ್ನು ನೋಡಿದರು, ಏನನ್ನು ನೋಡಲಾಗದೆ ಮರಳಿದರು ಎಂಬುದನ್ನು ಆ ಬಾಲಕನಿಗೆ ಅಂದು ನಾಲ್ಕು ಮಾತಿನಲ್ಲಿ ಹೇಳಿದೆ. ಅದನ್ನೇ ಇಲ್ಲಿ ವಾಚಕರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುತ್ತಿದ್ದೇನೆ.

ಹೈದರಲಿಯು ೧೭೮೨ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಇಂಗ್ಲಿಷರೊಡನೆ ಎರಡನೆಯ ಯುದ್ಧವು ಇನ್ನೂ ನಡೆಯುತ್ತಿತ್ತು. ಫ್ರೆಂಚರು ಮೈಸೂರಿನ ಪಕ್ಷದಲ್ಲಿ ನಿಂತು ಹೋರಾಡುತ್ತಿದ್ದರು. ಆದರೆ ೧೭೮೩ರಲ್ಲಿ ಯೂರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಒಪ್ಪಂದವಾಯಿತು. ಆ ಸುದ್ದಿ ಬಂದೊಡನೆಯೇ ಫ್ರೆಂಚರು ಇಲ್ಲಿಯ ರಣರಂಗದಿಂದ ಹಿಂದೆ ಸರಿದರು. ಟಿಪ್ಪು ಸುಲ್ತಾನನು ಒಂಟಿಯಾಗಿಯೇ ಯುದ್ಧವನ್ನು ಮುಂದುವರಿಸಿ, ೧೭೮೪ರ ಮಾರ್ಚಿನಲ್ಲಿ ಮಂಗಳೂರಿನಲ್ಲಿ ಸಂಧಿ ಮಾಡಿಕೊಂಡನು. ಆ ಸಂಧಿ ಹೆಚ್ಚು ದಿನ ಬಾಳುವಂಥದಲ್ಲವೆಂದು ಎರಡು ಪಕ್ಷದವರಿಗೂ ತಿಳಿದಿತ್ತು. ಮಿತ್ರರೆಂದು ನಂಬಿದವರು ನಡುನೀರಿನಲ್ಲಿ ಕೈಬಿಟ್ಟುದನ್ನು ಸುಲ್ತಾನನು ಮರೆಯಲಿಲ್ಲ. ಆದರೂ ಅವರ ಹೊರತು ಬೇರೆ ಮಿತ್ರರು ಅವನಿಗೆ ಯೂರೋಪಿನಲ್ಲಿ ಇರಲಿಲ್ಲ. ಆದುದರಿಂದ ಪಾಂಡಿಚೇರಿಯ ಅಧಿಕಾರಿಗಳೊಡನೆ ಮಾತನಾಡಿದರೆ ಸಾಲದು, ಫ್ರಾನ್ಸಿನ ದೊರೆಯೊಡನೆ ನೇರವಾಗಿಯೇ ಮಾತನಾಡಬೇಕೆಂದು ಅವನು ನಿಶ್ಚಯಿಸಿದನು.

ಮೊದಲು ೧೭೮೬ರಲ್ಲಿ ಗುಲಾಂ ಅಲಿ ಖಾನನ ಮುಖಂಡತನದಲ್ಲಿ ಒಂದು ದೊಡ್ಡ ನಿಯೋಗವು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗನ್ನೇರಿ ಬಸ್ರಾ ಮಾರ್ಗವಾಗಿ ತುರ್ಕರ ರಾಜಧಾನಿಯಾದ ಕಾನ್‌ಸ್ಟಾಂಟಿನೋಪಲಿಗೆ ಹೊರಟಿತು. ಅದು ಅಲ್ಲಿಂದ ಮುಂದೆ ಫ್ರಾನ್ಸಿಗೂ ಹೋಗಬೇಕೆಂಬುದು ಮೊದಲಿನ ಯೋಜನೆ. ಆ ನಿಯೋಗದ ಮುನ್ಷಿ ಖ್ವಾಜಾ ಅಬ್ದುಲ್ ಖಾದಿರನು ಪ್ರಯಾಣದ ದಿನಚರಿಯನ್ನು ಪಾರಸಿಯಲ್ಲಿ ಬರೆದಿಟ್ಟನು. ದಾರಿಯಲ್ಲಿ ರೋಗರುಜಿನಗಳಿಗೆ ಸಿಕ್ಕಿ ಆ ನಿಯೋಗದ ಬಹುಜನರು ಪ್ರಾಣ ಬಿಟ್ಟರು. ಅದು ಫ್ರಾನ್ಸನ್ನು ಮುಟ್ಟಲಿಲ್ಲ. ಸುಲ್ತಾನನು ಧೃತಿಗೆಡದೆ ಸಮುದ್ರಮಾರ್ಗದಿಂದಲೇ ಇನ್ನೊಂದು ನಿಯೋಗವನ್ನು ನೇರವಾಗಿ ಫ್ರಾನ್ಸಿಗೆ ಕಳುಹಿಸಿದನು. ನಮ್ಮ ಕಥೆಗೆ ಸಂಬಂಧಪಟ್ಟುದು ಈ ಎರಡನೆಯದು.

ಇದರಲ್ಲಿ ಮೂವರು ಪ್ರಮುಖರು: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್ ಮತ್ತು ಮುಹಮ್ಮದ್ ಉಸ್ಮಾನ್ ಖಾನ್. ಇವರ ಸಂಗಡ ಸೇವಕರು, ಅಡಿಗೆಯವರು, ಕಾವಲಿನ ಸಿಪಾಯಿಗಳು. ೧೭೮೭ರ ಜುಲೈ ತಿಂಗಳಿನಲ್ಲಿ ಅವರು ಪಾಂಡಿಚೇರಿಯಲ್ಲಿ ಫ್ರೆಂಚ್ ವರ್ತಕ ಪಿಯರ್ ಮೊನೆರಾನನು ನಡೆಸುತ್ತಿದ್ದ ಹಡಗನ್ನು ಹತ್ತಿದರು. ಆ ಹಡಗಿನ ಹೆಸರು ‘ಅರೋರ್’. ಉಷಸ್ಸು ಎಂದು ಅದರ ಅರ್ಥ. ಸೂಯೆಜ್ ಕಾಲುವೆಯು ಆಗ ಇರಲಿಲ್ಲ; ಅದು ತೆರೆದುದು ೧೮೬೯ರಲ್ಲಿ. ಮಾರಿಷಸ್ ದ್ವೀಪದಲ್ಲಿ ತಂಗಿ, ಆಫ್ರಿಕ ಖಂಡದ ತುದಿಯನ್ನು ಬಳಸಿ, ಅಟ್ಲಾಂಟಿಕ್ ಸಾಗರವನ್ನು ಹಾದು ಅವರು ಮೆಡಿಟರೇನಿಯನ್ ಸಮುದ್ರದ ತೂಲಾನ್ ರೇವನ್ನು ಸೇರಿದಾಗ ೧೭೮೮ರ ಜೂನ್ ತಿಂಗಳು ಬಂದಿತ್ತು. ಇಂದು ಬೆಂಗಳೂರಿನಿಂದ ಅರ್ಧ ದಿನದಲ್ಲಿ ಕ್ರಮಿಸಬಹುದಾದ ದಾರಿಗೆ ಅವರಿಗೆ ಹನ್ನೊಂದು ತಿಂಗಳು ಹಿಡಿಯಿತು.

ತೂಲಾನಿನಲ್ಲಿಯೂ ಮಾರ್ಸೇಲ್ಸಿನಲ್ಲಿಯೂ ಅವರನ್ನು ನೋಡಲು ಜನ ಕಿಕ್ಕಿರಿದು ನೆರೆದರು. ಅಲ್ಲಿಂದ ನೆಲದ ಮಾರ್ಗವಾಗಿ ಫ್ರಾನ್ಸಿನ ಉದ್ದಕ್ಕೂ ಪಯಣಿಸಿ ಜುಲೈ ೧೬ರಂದು ಪ್ಯಾರಿಸ್ ನಗರವನ್ನು ಸೇರಿದರು. ವಿದ್ಯಾರ್ಥಿಗಳು ಈ ತಾರೀಖನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಮೂರೇ ದಿನ ಮುಂಚೆ, ಜುಲೈ ೧೩ರಂದು, ಪ್ಯಾರಿಸಿನ ಸುತ್ತಮುತ್ತಲ ಪ್ರಾಂತಗಳಲ್ಲಿ ಭಯಂಕರವಾದ ಆಲಿಕಲ್ಲಿನ ಮಳೆ ಸುರಿದು, ಕೊಯ್ಲಿಗೆ ಬಂದಿದ್ದ ಗೋದಿಯ ಪೈರು ನೆಲಸಮವಾಗಿತ್ತು. ಒಂದು ವರ್ಷಕ್ಕೆ ಎರಡು ದಿನ ಕಡಿಮೆಯಿರುವಾಗ, ಅಂದರೆ ೧೭೮೯ರ ಜುಲೈ ೧೪ರಂದು, ಅದೇ ನಗರದ ಜನರು ಬ್ಯಾಸ್ಟೀಲ್ ಸೆರೆಮನೆಯನ್ನು ಮುತ್ತಿ ಹಿಡಿದರು. ಹೀಗೆ ನಮ್ಮ ಯಾತ್ರಿಕರು ಪ್ಯಾರಿಸ್ ನಗರವನ್ನು ಹೊಕ್ಕುದು ಹಸಿವಿನ ಬಾಗಿಲಿನಿಂದ, ಮಹಾಕ್ರಾಂತಿಯ ಹೊಸ್ತಿಲಿನಲ್ಲಿ. ಆದರೆ ಅಂದು ಹೊಸ್ತಿಲು ಕಣ್ಣಿಗೆ ಕಾಣುವಂತಿರಲಿಲ್ಲ. ಕಂಡದ್ದು ದೀಪಗಳು, ರಥಗಳು, ಅರಮನೆಗಳು.

ಆ ದಿನಗಳ ಪ್ಯಾರಿಸ್ ಎಂಥ ನಗರ! ಸುಮಾರು ಆರು ಲಕ್ಷ ಜನರು ಅಲ್ಲಿ ವಾಸಿಸುತ್ತಿದ್ದರು. ನಡುವೆ ಸೀನ್ ನದಿ. ನದಿಯ ನಡುಗಡ್ಡೆಯಲ್ಲಿ ೧೧೬೩ರಲ್ಲಿ ಆರಂಭವಾದ ನಾತ್ರ್ ದಾಮ್ ದೇವಾಲಯದ ಎರಡು ಗೋಪುರಗಳು. ದಡದಲ್ಲಿ ಹಿಂದಿನ ದೊರೆಗಳ ಲೂವ್ರ್ ಅರಮನೆ. ಇಂದಿನ ಪ್ರವಾಸಿಯು ನಗರವನ್ನು ಹೊಕ್ಕೊಡನೆ ಹುಡುಕುವ ಐಫೆಲ್ ಗೋಪುರ ಆಗ ಇರಲಿಲ್ಲ; ಅದು ಕ್ರಾಂತಿಯ ನೂರನೆಯ ವರ್ಷದ ಪ್ರದರ್ಶನಕ್ಕಾಗಿ ೧೮೮೯ರಲ್ಲಿ ಎದ್ದು ನಿಂತದ್ದು. ಅಂದು ಇದ್ದು ಇಂದು ಇಲ್ಲದಿರುವುದು ಬ್ಯಾಸ್ಟೀಲ್ ಕೋಟೆ. ಅದರ ಎಂಟು ದುಂಡು ಗೋಪುರಗಳು ನಗರದ ಪೂರ್ವಭಾಗದಲ್ಲಿ ಇನ್ನೂ ತಲೆಯೆತ್ತಿ ನಿಂತಿದ್ದುವು. ಚಾರಿತ್ರಿಕ ನಗರವೆಂದರೆ ಹೀಗೆಯೇ. ಒಬ್ಬೊಬ್ಬ ಯಾತ್ರಿಕನಿಗೆ ಅದು ತನ್ನ ಒಂದೊಂದು ಪುಟವನ್ನು ಮಾತ್ರ ತೆರೆದು ತೋರಿಸುತ್ತದೆ.

ರಾಯಭಾರಿಗಳು ನಗರವನ್ನು ನೋಡಲು ಬಂದರೆ, ನಗರವು ರಾಯಭಾರಿಗಳನ್ನು ನೋಡಲು ಬಂದಿತು. ಅವರ ಬಿಳಿಯ ಮಸ್ಲಿನ್ ನಿಲುವಂಗಿ, ಜರಿಯ ಹೂಗಳು, ರುಮಾಲು, ಬಾಗಿದ ಕತ್ತಿ ಇವೆಲ್ಲ ಪ್ಯಾರಿಸಿನವರಿಗೆ ಸೋಜಿಗ. ಬೀದಿಯಲ್ಲಿ ಅವರ ಬಂಡಿಯ ಹಿಂದೆ ಜನ ಓಡುತ್ತಿದ್ದರು. ಅವರ ಚಿತ್ರಗಳನ್ನು ಅಚ್ಚು ಹಾಕಿಸಿ ಮಾರಿದರು. ಹೆಂಗಸರ ಬೀಸಣಿಗೆಗಳ ಮೇಲೆ ಕೂಡ ಮೈಸೂರಿನ ರಾಯಭಾರಿಗಳ ಚಿತ್ರ ಬಂದಿತು. ಸೇಂಟ್ ಕ್ಲೌಡಿನ ಉದ್ಯಾನದಲ್ಲಿ ಅವರು ವಿಹಾರಕ್ಕೆ ಹೋದುದನ್ನು ಆಸೆಲಿನ್ ಎಂಬ ಕಲಾವಿದನು ಚಿತ್ರಿಸಿದ್ದಾನೆ. ಅದರಲ್ಲಿ ಪರಿವಾರದೊಡನೆ ನಡೆಯುತ್ತಿರುವ ನಮ್ಮವರು; ಸುತ್ತಲೂ ದೊಡ್ಡ ದೊಡ್ಡ ಟೋಪಿಗಳನ್ನಿಟ್ಟ ಗಂಡಸರು ಹೆಂಗಸರು ಬೆರಗಾಗಿ ನೋಡುತ್ತಿರುವ ಗುಂಪು. ಆ ಚಿತ್ರದಲ್ಲಿ ಪ್ರೇಕ್ಷಣೀಯ ಸ್ಥಳವನ್ನು ನೋಡಲು ಬಂದವರೇ ಪ್ರೇಕ್ಷಣೀಯ ವಸ್ತುಗಳಾಗಿದ್ದಾರೆ.

ಎಲಿಜಬೆತ್ ವಿಜೆ ಲಬ್ರನ್ ಎಂಬಾಕೆ ಆಗ ರಾಣಿಯ ಮೆಚ್ಚಿನ ಚಿತ್ರಕಾರಳು. ಸಂಗೀತನಾಟಕ ಶಾಲೆಯಲ್ಲಿ ರಾಯಭಾರಿಗಳನ್ನು ಕಂಡು, ಇವರ ಚಿತ್ರವನ್ನು ಬರೆಯಲೇಬೇಕೆಂದು ಆಕೆಗೆ ಆಸೆಯಾಯಿತು. ದೊರೆಯ ಅಪೇಕ್ಷೆಯಿದ್ದರೆ ಮಾತ್ರ ಒಪ್ಪುವೆವೆಂದು ಅವರು ಹೇಳಿದರಂತೆ; ದೊರೆಯ ಮಾತು ದೊರಕಿತು. ಆಕೆ ಬಣ್ಣ, ಕುಂಚಗಳೊಡನೆ ಅವರ ಬಿಡಾರಕ್ಕೆ ಹೋದಳು. ದರ್ವೇಶ್ ಖಾನನು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಗಂಭೀರವಾಗಿ ನಿಂತನು. ಆಕೆಗೆ ಅವರು ಊಟವನ್ನೂ ಬಡಿಸಿದರು. ನೆಲದ ಮೇಲೆ ಕುಳಿತು ಕೈಯಿಂದಲೇ ಉಣ್ಣುವ ಆ ಪದ್ಧತಿಯನ್ನು ಆಕೆ ತನ್ನ ಆತ್ಮಕಥೆಯಲ್ಲಿ ಬಹಳ ವಿಚಿತ್ರವೆಂಬಂತೆ ವರ್ಣಿಸಿದ್ದಾಳೆ. ನಮಗೆ ನಿತ್ಯದ ಊಟವಾದದ್ದು ಆಕೆಗೆ ವಿಚಿತ್ರ. ಅವಳ ಮುಳ್ಳುಚಮಚಗಳು ನಮ್ಮವರಿಗೂ ಹಾಗೆಯೇ ಕಂಡಿರಬೇಕು. ಚಿತ್ರವು ಮುಗಿದ ಮೇಲೆ ದರ್ವೇಶ್ ಖಾನನು ಅದನ್ನು ಕೊಡಲೊಪ್ಪದೆ ತನ್ನ ಮಂಚದ ಹಿಂದೆ ಬಚ್ಚಿಟ್ಟನೆಂದೂ, ಸೇವಕನೊಬ್ಬನ ಮೂಲಕ ಅದನ್ನು ಗುಟ್ಟಾಗಿ ತರಿಸಿಕೊಳ್ಳಬೇಕಾಯಿತೆಂದೂ ಆಕೆ ಬರೆದಿದ್ದಾಳೆ.

ಆ ಚಿತ್ರವು ಮರುವರ್ಷದ ಪ್ಯಾರಿಸ್ ಕಲಾಪ್ರದರ್ಶನದಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಅಷ್ಟರಲ್ಲಿ ಬ್ಯಾಸ್ಟೀಲ್ ಬಿದ್ದಿತ್ತು. ಚಿತ್ರದಲ್ಲಿದ್ದವನು ಸಮುದ್ರವನ್ನು ದಾಟಿ ತನ್ನ ನಾಡನ್ನು ಸೇರಿದ್ದನು. ಎರಡು ಶತಮಾನಗಳು ಕಳೆದು, ೨೦೧೯ರ ಜನವರಿಯಲ್ಲಿ ನ್ಯೂಯಾರ್ಕ್ ನಗರದ ಹರಾಜಿನಲ್ಲಿ ಅದೇ ಚಿತ್ರವು ೭೧ ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಮಾರಾಟವಾಯಿತು. ಚಿತ್ರಕ್ಕೆ ಬೆಲೆ ಬಂದಿತು. ಚಿತ್ರದಲ್ಲಿರುವವನು ತಂದಿದ್ದ ಬೇಡಿಕೆಗೆ ಎಂಥ ಬೆಲೆ ಬಂದಿತೆಂಬುದನ್ನು ಇನ್ನು ನೋಡೋಣ.

ವರ್ಸೇಲ್ಸ್ ಎಂಬುದು ಪ್ಯಾರಿಸಿಗೆ ಸಮೀಪದಲ್ಲಿರುವ ರಾಜನಿವಾಸ. ಹದಿನಾಲ್ಕನೆಯ ಲೂಯಿಯು ಕಟ್ಟಿಸಿದ ಆ ಅರಮನೆಯ ಕನ್ನಡಿಗಳ ಹಜಾರದಲ್ಲಿಯೇ ೩೫೭ ಕನ್ನಡಿಗಳಿವೆ. ಉದ್ಯಾನದ ಕಾರಂಜಿಗಳಿಗಾಗಿ ಸೀನ್ ನದಿಯ ನೀರನ್ನು ಯಂತ್ರದಿಂದ ಮೇಲಕ್ಕೆತ್ತಿ ತರುತ್ತಿದ್ದರು. ೧೭೮೮ರ ಆಗಸ್ಟ್ ೧೦ರಂದು ಆ ಅರಮನೆಯ ಹರ್ಕ್ಯುಲಿಸ್ ಸಭಾಂಗಣದಲ್ಲಿ ಹದಿನಾರನೆಯ ಲೂಯಿಯು ಮೈಸೂರಿನ ರಾಯಭಾರಿಗಳಿಗೆ ದರ್ಶನವನ್ನು ಕೊಟ್ಟನು. ಸಭಾಂಗಣದ ಮೇಲ್ಚಾವಣಿಯಲ್ಲಿ ಲೆಮೊಯಿನ್ ಎಂಬ ಚಿತ್ರಕಾರನು ಬರೆದ ದೇವಲೋಕ, ಕೆಳಗೆ ಸಿಂಹಾಸನ, ಸುತ್ತ ಸಾಮಂತರು, ಸರದಾರರು, ಅವರ ಪತ್ನಿಯರು. ರಾಯಭಾರಿಗಳು ಸುಲ್ತಾನನ ಪತ್ರವನ್ನು ಒಪ್ಪಿಸಿದರು. ಇಂಗ್ಲಿಷರ ವಿರುದ್ಧ ಮೈತ್ರಿ ಮತ್ತು ಸೈನ್ಯದ ನೆರವು, ಇದು ಅವರು ಮುಖ್ಯವಾಗಿ ಬೇಡಿದ್ದು. ದೊರೆಯು ಮರ್ಯಾದೆಯಿಂದ ನಡೆದುಕೊಂಡನು, ಸವಿಯಾದ ಮಾತುಗಳನ್ನಾಡಿದನು. ಆದರೆ ಮೈತ್ರಿಯ ಒಪ್ಪಂದಕ್ಕೆ ಮಾತ್ರ ಸಹಿ ಹಾಕಲಿಲ್ಲ.

ಏಕೆ? ಇಲ್ಲಿಯೇ ಇತಿಹಾಸದ ವಿದ್ಯಾರ್ಥಿಯು ಕಣ್ಣನ್ನು ಚೆನ್ನಾಗಿ ತೆರೆಯಬೇಕು. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಅಲ್ಲಿಯವರಿಗೆ ನೆರವಾಗಿ ಫ್ರಾನ್ಸು ಇಂಗ್ಲೆಂಡಿನ ಮೇಲೆ ಸೇಡು ತೀರಿಸಿಕೊಂಡಿತ್ತು. ಆದರೆ ಆ ಸೇಡಿಗೆ ತೆತ್ತ ಹಣದಿಂದ ಅದರ ಸಾಲವು ಬೆಟ್ಟದಷ್ಟಾಗಿತ್ತು. ಪ್ರಭುಗಳೂ ಧರ್ಮಾಧಿಕಾರಿಗಳೂ ತೆರಿಗೆಯ ಭಾರವನ್ನು ಹೊರಲು ಸಿದ್ಧರಿರಲಿಲ್ಲ. ಆಗಸ್ಟ್ ೮ರಂದು, ಎಂದರೆ ದರ್ಬಾರಿಗೆ ಎರಡೇ ದಿನ ಮೊದಲು, ದೊರೆಯು ಬೇರೆ ದಾರಿಯಿಲ್ಲದೆ ದೇಶದ ಮೂರು ವರ್ಗಗಳ ಮಹಾಸಭೆಯನ್ನು ಮರುವರ್ಷ ಮೇ ತಿಂಗಳಿಗೆ ಕರೆಯಬೇಕಾಗಿ ಬಂದಿತ್ತು. ೧೬೧೪ರ ಅನಂತರ ಆ ಸಭೆಯು ಒಮ್ಮೆಯೂ ಸೇರಿರಲಿಲ್ಲ. ಆಗಸ್ಟ್ ೧೬ರಂದು, ಎಂದರೆ ದರ್ಬಾರು ಮುಗಿದ ಆರನೆಯ ದಿನ, ಸರಕಾರದ ಬೊಕ್ಕಸವು ಹಣ ಪಾವತಿಯನ್ನು ನಿಲ್ಲಿಸಿತು. ಆಗಸ್ಟ್ ೨೫ರಂದು ಪ್ರಧಾನಮಂತ್ರಿ ಬ್ರಿಯೆನ್ ಅಧಿಕಾರವನ್ನು ಬಿಟ್ಟನು. ಮನೆಯವರಿಗೇ ಅನ್ನವಿಲ್ಲದ ಮನೆಗೆ ನಮ್ಮವರು ನೆಂಟರಾಗಿ ಹೋಗಿದ್ದರು. ಆದರೆ ಮನೆಯ ಯಜಮಾನನು ಬೆಳ್ಳಿಯ ತಟ್ಟೆಯನ್ನು ಮುಂದಿಟ್ಟಿದ್ದನು.

ಆ ತಟ್ಟೆಯ ಮಾತು ಬರಿಯ ಉಪಮೆಯಲ್ಲ. ಸೆವ್ರ್ ಎಂಬಲ್ಲಿ ರಾಜರ ಪಿಂಗಾಣಿಯ ಕಾರ್ಖಾನೆ ಇದ್ದಿತು. ರಾಯಭಾರಿಗಳು ಅದನ್ನು ಹೋಗಿ ನೋಡಿದರು. ಅಲ್ಲಿ ತಯಾರಾದ ಬಹು ಬೆಲೆಯ ಪಿಂಗಾಣಿಯನ್ನು ದೊರೆಯು ಸುಲ್ತಾನನಿಗೆ ಉಡುಗೊರೆಯಾಗಿ ಕಳುಹಿಸಿದನು. ಕೇಳಿದುದು ಸೈನ್ಯ, ಸಿಕ್ಕಿದುದು ಪಿಂಗಾಣಿ. ಇದನ್ನು ಓದಿ ನಗುವುದು ಸುಲಭ. ಆದರೆ ಸುಲ್ತಾನನ ಬೇಡಿಕೆಯ ಪಟ್ಟಿಯಲ್ಲಿ ಸೈನ್ಯದ ಜೊತೆಗೆ ಬೇರೆ ವಸ್ತುಗಳೂ ಇದ್ದುವೆಂಬುದನ್ನು ಮರೆಯಬಾರದು. ಫಿರಂಗಿ ಎರಕ ಹೊಯ್ಯುವವರು, ಗಡಿಯಾರ ಮಾಡುವವರು, ಗಾಜು ಮತ್ತು ಪಿಂಗಾಣಿಯ ಕೆಲಸದವರು, ನೇಕಾರರು, ವೈದ್ಯರು, ತೋಟಗಾರರು, ಹೂವು ಹಣ್ಣುಗಳ ಗಿಡಬೀಜಗಳು ಇವೆಲ್ಲ ಬೇಕೆಂದು ಅವನು ಕೇಳಿದ್ದನು. ತಂದೆ ಹೈದರಲಿಯು ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಹಾಕಿಸಿದವನು. ಮಗನಿಗೂ ಗಿಡಮರಗಳಲ್ಲಿ ಅಂಥ ಆಸಕ್ತಿಯೇ ಇದ್ದಿತು. ಈ ಬೇಡಿಕೆಯಲ್ಲಿ ಒಂದು ಭಾಗವು ಸಫಲವಾಯಿತು. ಕೆಲವು ಮಂದಿ ಕುಶಲಕರ್ಮಿಗಳು ರಾಯಭಾರಿಗಳೊಡನೆ ಮೈಸೂರಿಗೆ ಬಂದರು. ಯೂರೋಪಿನ ನಗರವನ್ನು ನೋಡಿ ಬೆರಗಾಗುವುದಷ್ಟೇ ಅಲ್ಲ, ಅಲ್ಲಿಯ ವಿದ್ಯೆಯನ್ನು ತಂದು ಇಲ್ಲಿ ನೆಡಬೇಕೆಂಬ ದೃಷ್ಟಿ ಅದರ ಹಿಂದೆ ಇದ್ದಿತೆಂಬುದರಲ್ಲಿ ಸಂದೇಹವಿಲ್ಲ.

ಪ್ಯಾರಿಸಿನ ಶರತ್ಕಾಲದ ಚಳಿ ಆರಂಭವಾಗುತ್ತಿತ್ತು. ಅತಿಥಿಗಳ ಖರ್ಚು ಬರಿದಾದ ಬೊಕ್ಕಸಕ್ಕೆ ಭಾರವಾಗಿ, ಅವರು ಬೇಗ ಹೊರಡಲೆಂದು ಮಂತ್ರಿಗಳು ಕಾದಿದ್ದರು. ಅಕ್ಟೋಬರಿನಲ್ಲಿ ನಗರವನ್ನು ಬಿಟ್ಟು, ಬ್ರೆಸ್ಟ್ ಎಂಬ ರೇವಿನಲ್ಲಿ ಹಡಗು ಹತ್ತಿ, ೧೭೮೯ರಲ್ಲಿ ಅವರು ನಮ್ಮ ನಾಡಿಗೆ ಮರಳಿದರು.

ಅವರು ಮರಳಿದ ಮೇಲೆ ಏನಾಯಿತೆಂಬುದಕ್ಕೆ ಫ್ರೆಂಚರ ಬರವಣಿಗೆಯಲ್ಲಿ ಒಂದು ಕಥೆ ಬಂದಿದೆ. ಫ್ರಾನ್ಸಿನ ವೈಭವವನ್ನು ರಾಯಭಾರಿಗಳು ಶ್ರೀರಂಗಪಟ್ಟಣದಲ್ಲಿ ಎಡೆಬಿಡದೆ ಹೊಗಳತೊಡಗಿದರಂತೆ. ತನ್ನ ಆಸ್ಥಾನವನ್ನು ಅವರು ಕೀಳುಗಳೆಯುತ್ತಿರುವರೆಂದು ಕೆರಳಿದ ಸುಲ್ತಾನನು ಅವರಲ್ಲಿ ಇಬ್ಬರನ್ನು ಕೊಲ್ಲಿಸಿದನಂತೆ. ಈ ಕಥೆಯನ್ನು ಓದುವಾಗ ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಅದನ್ನು ಹೇಳುವವರು ಯಾರು ಎಂಬುದು. ತಮ್ಮ ಅರಮನೆಯ ವೈಭವಕ್ಕೆ ಮರುಳಾಗಿಯೇ ಪರದೇಶಿಯೊಬ್ಬನು ಪ್ರಾಣ ತೆತ್ತನೆಂದು ಹೇಳಿಕೊಳ್ಳುವುದರಲ್ಲಿ ಹೇಳುವವರಿಗೆ ಒಂದು ಬಗೆಯ ಹೆಮ್ಮೆಯಿದೆ. ಎರಡನೆಯದು, ರಾಯಭಾರಿಯ ಕರ್ತವ್ಯ. ಅವರು ತಮ್ಮ ಒಡೆಯನಿಗೆ ತಿಳಿಸಬೇಕಾಗಿದ್ದುದು ಕನ್ನಡಿಗಳ ಲೆಕ್ಕವನ್ನಲ್ಲ. ‘ಆ ದೊರೆಯ ಬೊಕ್ಕಸ ಬರಿದಾಗಿದೆ, ಜನರು ರೊಟ್ಟಿಗಾಗಿ ಕೂಗುತ್ತಿದ್ದಾರೆ, ಅವನನ್ನು ನಂಬಿ ಯುದ್ಧಕ್ಕೆ ಇಳಿಯಬೇಡ’ ಎಂಬ ಮಾತು ಸಾವಿರ ಕನ್ನಡಿಗಳಿಗಿಂತ ಬೆಲೆಯುಳ್ಳದ್ದಾಗುತ್ತಿತ್ತು.

ಹಾಗೆಂದು ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಭಾಷೆ ಬಾರದ ನಾಡು. ದುಭಾಷಿಗಳ ಮೂಲಕವೇ ಎಲ್ಲ ಮಾತು. ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸುತ್ತಿದ್ದವರು ಆತಿಥೇಯರು. ಅವರು ತೋರಿಸಿದ್ದು ಕಾರಂಜಿ, ತೋರಿಸದಿದ್ದುದು ರೊಟ್ಟಿಯ ಅಂಗಡಿ. ಅಷ್ಟೇಕೆ, ವರ್ಸೇಲ್ಸಿನಲ್ಲಿಯೇ ಹುಟ್ಟಿ ಬೆಳೆದ ದೊರೆಗೂ ಬರಲಿರುವ ಬಿರುಗಾಳಿ ಕಾಣಲಿಲ್ಲ. ೧೭೮೯ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಹೆಂಗಸರು ರೊಟ್ಟಿಗಾಗಿ ವರ್ಸೇಲ್ಸಿನವರೆಗೆ ನಡೆದು ಬಂದರು. ದೊರೆಯೂ ರಾಣಿಯೂ ಅವರ ಹಿಂದೆ ರಾಜಧಾನಿಗೆ ಹೋಗಬೇಕಾಯಿತು. ೧೭೯೩ರ ಜನವರಿ ೨೧ರಂದು ದೊರೆಯ ಶಿರಚ್ಛೇದವಾಯಿತು. ಅದೇ ವರ್ಷದ ಅಕ್ಟೋಬರ್ ೧೬ರಂದು ರಾಣಿಯದೂ ಆಯಿತು. ಹರ್ಕ್ಯುಲಿಸ್ ಸಭಾಂಗಣದ ಆ ದರ್ಬಾರು ಮುಗಿದು ಐದು ವರ್ಷವೂ ತುಂಬುವ ಮುನ್ನವೇ ಸಿಂಹಾಸನದ ಮೇಲೆ ಕುಳಿತಿದ್ದವನು ಇಲ್ಲವಾಗಿದ್ದನು.

ಈಗ ರಾಯಕೋಟೆಯ ಬೆಟ್ಟಕ್ಕೆ ಮರಳೋಣ. ೧೭೮೯ರಲ್ಲಿಯೇ ಫ್ರೆಂಚರು ಪಾಂಡಿಚೇರಿಯಿಂದ ತಮ್ಮ ಸೈನ್ಯದ ಬಹುಭಾಗವನ್ನು ಮಾರಿಷಸಿಗೆ ಸಾಗಿಸಿದರು. ಅದೇ ಡಿಸೆಂಬರಿನ ಕೊನೆಯಲ್ಲಿ ಟಿಪ್ಪುವು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿಯಿಟ್ಟನು. ೧೭೯೦ರಲ್ಲಿ ಮೂರನೆಯ ಯುದ್ಧವು ಹತ್ತಿಕೊಂಡಾಗ ಇಂಗ್ಲಿಷರ ಜೊತೆಗೆ ಮರಾಠರೂ ನಿಜಾಮನೂ ಸೇರಿದರು. ಮೈಸೂರಿನ ಪಕ್ಕದಲ್ಲಿ ಯಾರೂ ಇರಲಿಲ್ಲ. ೧೭೯೧ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಬಿದ್ದಿತು. ಜುಲೈ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಹೊಸೂರನ್ನು ಹಿಡಿದು, ಬಾರಾಮಹಲಿನ ದಾರಿಯನ್ನು ತೆರೆಯಲು ರಾಯಕೋಟೆಯನ್ನೂ ವಶಪಡಿಸಿಕೊಂಡಿತು. ೧೭೯೨ರ ಮಾರ್ಚಿನ ಶ್ರೀರಂಗಪಟ್ಟಣದ ಸಂಧಿಯಂತೆ ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡು, ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಬಾರಾಮಹಲು ಕಂಪನಿಯ ಕೈಗೆ ಹೋಯಿತು. ಹೊಸೂರಿನ ಸೀಮೆಯು, ಅದರೊಡನೆ ಬಾಗಲೂರು, ಬೇರಿಕೆ, ಶೂಲಗಿರಿಗಳ ಪಾಳೆಯಪಟ್ಟುಗಳು, ಇನ್ನೂ ಏಳು ವರ್ಷ ಮೈಸೂರಿನಲ್ಲಿಯೇ ಉಳಿದುವು. ೧೭೯೯ರಲ್ಲಿ ಜನರಲ್ ಹ್ಯಾರಿಸನ ಸೈನ್ಯವು ರಾಯಕೋಟೆಯ ಮಾರ್ಗವಾಗಿಯೇ ಮೈಸೂರನ್ನು ಹೊಕ್ಕಿತು. ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು, ಸುಲ್ತಾನನು ಹೋರಾಡುತ್ತ ಮಡಿದನು. ಆಗ ನಮ್ಮ ಸೀಮೆಯೂ ಕಂಪನಿಗೆ ಸೇರಿತು.

ಅಂದು ಕಂಪನಿಯ ಅನುಕೂಲಕ್ಕಾಗಿ ಎಳೆದ ಗೆರೆಯೇ ಹೆಚ್ಚು ಕಡಮೆ ಇಂದಿಗೂ ಗಡಿಯಾಗಿ ನಿಂತಿದೆ. ಹೊಸೂರು ತಾಲ್ಲೂಕು ಸೇಲಂ ಜಿಲ್ಲೆಗೆ ಸೇರಿತು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿಯೂ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಗೂ, ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ ಕನ್ನಡ ಶಾಲೆಯ ಮಗುವು ಗಡಿಯ ಈಚೆ ಕುಳಿತು ಕನ್ನಡವನ್ನು ಓದುತ್ತಿರುವುದಕ್ಕೂ ವರ್ಸೇಲ್ಸಿನ ಆ ಸಭಾಂಗಣಕ್ಕೂ ಹೀಗೆ ಒಂದು ಎಳೆಯ ಸಂಬಂಧವಿದೆ. ಒಂದು ಸಹಿ ಬಿದ್ದಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತೆಂದು ನಾನು ಹೇಳಲಾರೆ. ಸಹಿ ಬಿದ್ದಿದ್ದರೂ ಅದನ್ನು ಸಲ್ಲಿಸುವ ಶಕ್ತಿ ಆ ದೊರೆಗೆ ಇರಲಿಲ್ಲ. ಆದರೆ ಪರರ ನೆರವನ್ನು ನಂಬುವವನು ಪರರ ಮನೆಯ ಒಲೆ ಉರಿಯುತ್ತಿದೆಯೇ ಎಂದು ಮೊದಲು ನೋಡಬೇಕೆಂಬ ಪಾಠವು ಮಾತ್ರ ಉಳಿದಿದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಪ್ಯಾರಿಸಿಗೆ ಹೋಗಬಹುದು. ಇಂದು ಅದು ಅಸಾಧ್ಯವಾದ ಮಾತಲ್ಲ. ಹೋದವರು ಐಫೆಲ್ ಗೋಪುರವನ್ನು ನೋಡಲಿ. ೨೦೧೯ರ ಏಪ್ರಿಲಿನ ಬೆಂಕಿಯಲ್ಲಿ ಮಾಡು ಸುಟ್ಟು, ೨೦೨೪ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆದ ನಾತ್ರ್ ದಾಮ್ ದೇವಾಲಯವನ್ನೂ ನೋಡಲಿ. ಆದರೆ ವರ್ಸೇಲ್ಸಿಗೆ ಹೋದಾಗ ಕನ್ನಡಿಗಳ ಹಜಾರದಲ್ಲಿಯೇ ಹೊತ್ತು ಕಳೆಯದೆ ಹರ್ಕ್ಯುಲಿಸ್ ಸಭಾಂಗಣದಲ್ಲಿ ಒಂದು ಗಳಿಗೆ ನಿಲ್ಲಲಿ. ನಮ್ಮ ಸೀಮೆಯ ಪರವಾಗಿ ಬೇಡಿದ ಮಾತು ಸೋತುದು ಅಲ್ಲಿಯೇ. ಬ್ಯಾಸ್ಟೀಲ್ ಚೌಕದಲ್ಲಿ ಕೋಟೆಯಿಲ್ಲವೆಂದು ನಿರಾಶರಾಗದಿರಲಿ. ಇಲ್ಲದಿರುವುದನ್ನು ನೋಡುವುದೂ ಇತಿಹಾಸದ ಯಾತ್ರೆಯೇ. ದೊರೆಯ ತಲೆ ಬಿದ್ದ ಚೌಕಕ್ಕೆ ಈಗ ಕಾನ್‌ಕಾರ್ಡ್, ಎಂದರೆ ಸಾಮರಸ್ಯ, ಎಂಬ ಹೆಸರಿದೆ. ನಗರಗಳು ತಮ್ಮ ಗಾಯದ ಮೇಲೆ ಹೇಗೆ ಹೆಸರನ್ನು ಹೊದಿಸುತ್ತವೆಂಬುದನ್ನೂ ಅಲ್ಲಿ ಕಾಣಬಹುದು.

ಇನ್ನೊಂದು ಮಾತು. ಆ ಮೂವರು ರಾಯಭಾರಿಗಳ ಪ್ರವಾಸವನ್ನು ಕುರಿತು ನಮಗೆ ಪರಿಚಿತವಾದ ವರ್ಣನೆಗಳು ಬಹುಮಟ್ಟಿಗೆ ಫ್ರೆಂಚರವು: ಚಿತ್ರಕಾರಳ ಆತ್ಮಕಥೆ, ಆಸ್ಥಾನದ ದಾಖಲೆ, ಬೀಸಣಿಗೆಯ ಮೇಲಿನ ಚಿತ್ರ. ದರ್ವೇಶ್ ಖಾನನ ಮುಖವನ್ನು ಜಗತ್ತು ಬಲ್ಲದು. ಆ ಮುಖದ ಹಿಂದಿನ ಮಾತನ್ನು ಬಲ್ಲವರು ವಿರಳ. ಕನ್ನಡಿಗರು ತಮ್ಮ ಕಣ್ಣಿನಿಂದ ಕಂಡ ಯೂರೋಪನ್ನು ತಮ್ಮ ಭಾಷೆಯಲ್ಲಿಯೇ ಬರೆಯಲು ಬಹುಕಾಲ ಹಿಡಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿಗೆ ವ್ಯಾಸಂಗಕ್ಕಾಗಿ 
ಹೋದ ವಿ. ಕೃ. ಗೋಕಾಕರು ‘ಸಮುದ್ರದಾಚೆಯಿಂದ’ ಎಂಬ ಗ್ರಂಥವನ್ನು ಬರೆದರು. ಶಿವರಾಮ ಕಾರಂತರು ಯೂರೋಪನ್ನು ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ವನ್ನು ಕೊಟ್ಟರು. ಅಲ್ಲಿಂದಾಚೆಗೆ ನಾವು ನೋಡಿಸಿಕೊಂಡವರಾಗಿ ಮಾತ್ರ ಉಳಿಯದೆ ನೋಡಿದವರೂ ಆದೆವು. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಗೆ ‘ಕಂಡುದನ್ನು ಬರೆದಿಡು’ ಎಂಬ ಮೂರನೆಯ ಮಾತನ್ನೂ ನಾವು ಸೇರಿಸಿಕೊಳ್ಳಬೇಕು.

ಬೆಟ್ಟದಿಂದ ಇಳಿದು ಬಾಗಲೂರಿನ ಕಡೆಗೆ ಬರುವಾಗ ರಸ್ತೆಯ ಬದಿಯಲ್ಲಿ ಗುಲಾಬಿಯ ತೋಟಗಳ ಬಿಳಿಯ ಹೊದಿಕೆಗಳು ಕಾಣಿಸಿದುವು. ನಮ್ಮ ಸೀಮೆಯ ಗುಲಾಬಿಗಳು ಇಂದು ಬೆಂಗಳೂರಿನಿಂದ ವಿಮಾನವೇರಿ ಯೂರೋಪಿನ ಮಾರುಕಟ್ಟೆಗಳಿಗೂ ಹೋಗುತ್ತವೆ. ಒಂದು ಕಾಲದಲ್ಲಿ ಇಲ್ಲಿಯ ದೊರೆಯು ಫ್ರಾನ್ಸಿನಿಂದ ಹೂವಿನ ಬೀಜಗಳನ್ನು ಬೇಡಿದ್ದನೆಂದು ಹೇಳಿದಾಗ, ಪ್ರಶ್ನೆ ಕೇಳಿದ್ದ ಆ ಬಾಲಕನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈಗ ನಾವು ಕೊಡುತ್ತಿದ್ದೇವೆ ಮೇಷ್ಟ್ರೇ” ಎಂದನು. ಸೈನ್ಯವನ್ನು ಕೇಳಿ ತಂದ ನೆರವು ಯಾರಿಗೂ ಉಳಿಯಲಿಲ್ಲ. ನೆಲವನ್ನು ನಂಬಿ ನೆಟ್ಟದ್ದು ಉಳಿಯಿತು. ಮಗುವಿನ ಆ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ.